ಅಂಕೋಲಾ ಕ್ಷೇತ್ರ ಎಲ್ಲಿ ಹೋಯಿತು, ಕಾರವಾರದಲ್ಲಿ ಹಾಲಿ ಶಾಸಕರು ಯಾಕೆ ಮತ್ತೆ ಗೆಲ್ಲುವುದಿಲ್ಲ?

ಪ್ರಶ್ನೆ: ನಮ್ಮದು ಅಂಕೋಲಾ ಪೇಟೆ. ಕೆಲಸ ಹುಬ್ಬಳ್ಳಿಯಲ್ಲಿ, ವೋಟು ಮಾತ್ರ ಊರಲ್ಲೇ ಇಟ್ಟುಕೊಂಡಿದ್ದೇನೆ. ನಾನು ವೋಟು ಹಾಕಲು ಶುರು ಮಾಡಿದಾಗಿನಿಂದ ನಮ್ಮದು ಕಾರವಾರ ಕ್ಷೇತ್ರ. ಆದರೆ ಅಪ್ಪ ಈಗಲೂ "ನಾವು ಅಂಕೋಲಾ ಕ್ಷೇತ್ರದವರು, ಕಾಗೇರಿಯವರನ್ನು ಮೂರು ಸಲ ಗೆಲ್ಲಿಸಿದವರು" ಎನ್ನುತ್ತಾರೆ. ಶಿರಸಿಯ ಕಾಗೇರಿ ನಮ್ಮ ಶಾಸಕರಾಗಿದ್ದು ಹೇಗೆ? ಆ ಕ್ಷೇತ್ರ ಎಲ್ಲಿ ಹೋಯಿತು? ಇನ್ನೊಂದು ಮಾತು. ಕಾರವಾರದಲ್ಲಿ ಒಮ್ಮೆ ಗೆದ್ದವರು ಮುಂದಿನ ಸಲ ಗೆಲ್ಲುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇದು ನಿಜವೋ, ಸುಮ್ನೆ ಮಾತೋ?

ಉತ್ತರ: ಅಪ್ಪ ಹೇಳಿದ್ದು ಪೂರ್ತಿ ಸರಿ. ಜನ ಹೇಳುವುದು ಅರ್ಧ ಸರಿ. ಮೊದಲು ಅಪ್ಪನ ಮಾತನ್ನೇ ನೋಡೋಣ. ಅದು ಗೊತ್ತಾದರೆ ಎರಡನೆಯದು ಅರ್ಧ ಬಿಡಿಸಿದಂತೆ.

2008ಕ್ಕಿಂತ ಮುಂಚೆ ಉತ್ತರ ಕನ್ನಡದಲ್ಲಿ ಇದ್ದ ಆರು ಕ್ಷೇತ್ರಗಳು ಇವು: ಕಾರವಾರ, ಅಂಕೋಲಾ, ಕುಮಟಾ, ಭಟ್ಕಳ, ಶಿರಸಿ, ಹಳಿಯಾಳ. ಈಗಲೂ ಆರೇ. ಆದರೆ ಅಂಕೋಲಾ ಎಂಬ ಹೆಸರು ಹೋಗಿ ಯಲ್ಲಾಪುರ ಬಂದಿದೆ. ಹಳೆಯ ಅಂಕೋಲಾ ಕ್ಷೇತ್ರ ಸಮುದ್ರದ ದಂಡೆಗೆ ನಿಲ್ಲುತ್ತಿರಲಿಲ್ಲ. ಘಟ್ಟ ಹತ್ತಿ ಮೇಲಿನ ಅಡಿಕೆ ಸೀಮೆಯ ಹಳ್ಳಿಗಳನ್ನೂ ಹಿಡಿದಿತ್ತು. ಕೆಳಗೆ ಹಾಲಕ್ಕಿಗಳು, ನಾಡವರು, ನಾಮಧಾರಿಗಳು, ಮೀನುಗಾರರು. ಮೇಲೆ ಹವ್ಯಕರು, ಮರಾಠಿಗರು, ಸಿದ್ದಿಗಳು. ಒಬ್ಬ ಶಾಸಕ ಬೆಳಿಗ್ಗೆ ಬಂದರಿನ ಸಮಸ್ಯೆ ಕೇಳಿ, ಮಧ್ಯಾಹ್ನ ಅಡಿಕೆ ಕೊಳೆರೋಗದ ಪರಿಹಾರ ಕೇಳಬೇಕಾದ ಕ್ಷೇತ್ರ ಅದು. ಅದಕ್ಕೇ ಘಟ್ಟದ ಮೇಲಿನವರು ಅಲ್ಲಿ ನಿಲ್ಲುವುದು ಯಾರಿಗೂ ವಿಚಿತ್ರ ಅನಿಸಲಿಲ್ಲ.

ಶಿರಸಿಯವರು ಶಿರಸಿಯಲ್ಲೇ ನಿಲ್ಲಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಗುತ್ತಿರಲಿಲ್ಲ. ಆಗ ಶಿರಸಿ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಹಾಗಾಗಿ ವಿಶ್ವೇಶ್ವರ ಹೆಗಡೆ ಕಾಗೇರಿ 1994ರಲ್ಲಿ ಬಿಜೆಪಿಯಿಂದ ಅಂಕೋಲೆಯಲ್ಲಿ ನಿಂತರು, ಗೆದ್ದರು. 1999, 2004ರಲ್ಲೂ ಗೆದ್ದರು. 2008ರಲ್ಲಿ ಶಿರಸಿ ಸಾಮಾನ್ಯ ಕ್ಷೇತ್ರವಾಯಿತು, ಅವರು ಊರಿಗೆ ಮರಳಿದರು. ಅಲ್ಲಿ 2008, 2013, 2018. ಒಟ್ಟು ಸತತ ಆರು ಗೆಲುವು, ಅದರಲ್ಲಿ ಮೊದಲ ಮೂರು ನಿಮ್ಮ ಅಪ್ಪನಂಥವರು ಕೊಟ್ಟದ್ದು.

ಗಡಿ ಬದಲಾದದ್ದು ಯಾರದೋ ರಾಜಕೀಯ ಆಟದಿಂದ ಎಂದು ಊರಲ್ಲಿ ಹೇಳುವವರಿದ್ದಾರೆ. ಅಷ್ಟೇನೂ ಇಲ್ಲ. ನಮ್ಮ ಹಳೆಯ ನಕ್ಷೆ 1971ರ ಜನಗಣತಿಯ ಮೇಲೆ ಆದದ್ದು. 1978ರಿಂದ 2004ರವರೆಗಿನ ಎಲ್ಲಾ ಚುನಾವಣೆ ಅದರ ಮೇಲೆಯೇ ನಡೆದವು. ಆಮೇಲೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಮರುವಿಂಗಡಣೆ ಆಯೋಗ 2001ರ ಜನಗಣತಿ ಇಟ್ಟುಕೊಂಡು ದೇಶದ ಬಹುತೇಕ ರಾಜ್ಯಗಳ ಕ್ಷೇತ್ರಗಳ ಗಡಿ ಮತ್ತೆ ಬರೆಯಿತು. ಆ ಹೊಸ ನಕ್ಷೆಯ ಮೇಲೆ ಮೊದಲು ವಿಧಾನಸಭೆ ಚುನಾವಣೆ ನಡೆದ ರಾಜ್ಯ ಕರ್ನಾಟಕ, 2008ರ ಮೇನಲ್ಲಿ. ಅದರ ಪ್ರಕಾರ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳು ಸೇರಿ ಕಾರವಾರ ಕ್ಷೇತ್ರ. ಯಲ್ಲಾಪುರ, ಮುಂಡಗೋಡ ಮತ್ತು ಶಿರಸಿಯ ಬನವಾಸಿ ಭಾಗ ಸೇರಿ ಯಲ್ಲಾಪುರ ಕ್ಷೇತ್ರ. ಹಿಂದೆ ಕಾರವಾರದ ಜೊತೆಗಿದ್ದ ಜೋಯಿಡಾ ಹಳಿಯಾಳಕ್ಕೆ ಹೋಯಿತು. ಕರಾವಳಿಯವರು ಕರಾವಳಿಯವರ ಜೊತೆ, ಘಟ್ಟದವರು ಘಟ್ಟದವರ ಜೊತೆ. ನನ್ನ ಕೇಳಿದರೆ ನಕ್ಷೆ ಮೊದಲಿಗಿಂತ ಸುಧಾರಿಸಿತು. ಆದರೆ ಅಂಕೋಲೆ ತನ್ನ ಹೆಸರು ಕಳೆದುಕೊಂಡಿತು. ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಕರ್ನಾಟಕದ ಬಾರ್ಡೋಲಿ ಎನಿಸಿಕೊಂಡ ಊರಿಗೆ ತನ್ನ ಹೆಸರಿನ ಒಂದು ಕ್ಷೇತ್ರ ಇಲ್ಲ ಎನ್ನುವುದು ಅಪ್ಪನ ವಯಸ್ಸಿನವರಿಗೆ ಚುಚ್ಚಿದರೆ ಅದು ಸಹಜ, ಅಲ್ವಾ?

ಇನ್ನು ಕಾರವಾರದ ಮಾತು.

ಸ್ವಲ್ಪ ಹಿಂದಕ್ಕೆ ಹೋಗಬೇಕು. ನಿಮ್ಮ ಅಜ್ಜ-ಅಜ್ಜಿ 1952ರ ಮೊದಲ ಚುನಾವಣೆಯಲ್ಲಿ ಮತ ಹಾಕಿದ್ದರೆ ಅದು ಬೆಂಗಳೂರಿಗಲ್ಲ, ಮುಂಬೈ ವಿಧಾನಸಭೆಗೆ. ಆಗ ಈ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1957ರ ಚುನಾವಣೆಯಿಂದ ಕಾರವಾರದ ಶಾಸಕರು ಬೆಂಗಳೂರಿನ ಕಡೆ ಮುಖ ಮಾಡಿದರು. ಗಡಿ ವಿವಾದ ಬಿಸಿಯಿದ್ದ ಕಾಲ ಅದು. ಮಹಾರಾಷ್ಟ್ರ ಬೆಳಗಾವಿಯ ಜೊತೆ ಕಾರವಾರವನ್ನೂ ಕೇಳಿತು. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಕಾರವಾರವನ್ನು ಇಲ್ಲೇ ಬಿಟ್ಟಿತು. ಬೆಳಗಾವಿಯಲ್ಲಿ ಈ ಗಡಿ ವಿಷಯದ ಮೇಲೆಯೇ ದಶಕಗಟ್ಟಲೆ ಚುನಾವಣೆ ನಡೆದವು. ಕಾರವಾರದಲ್ಲಿ ಹಾಗೆ ಆಗಲಿಲ್ಲ. ಇಲ್ಲಿ ಮನೆಮಾತು ಕೊಂಕಣಿ, ಶಾಲೆಯ ಮಾತು ಹಿಂದೆ ಮರಾಠಿ ಆಮೇಲೆ ಕನ್ನಡ, ವ್ಯಾಪಾರಕ್ಕೆ ಗೋವಾ ಹತ್ತಿರ. ಒಂದೇ ಭಾಷೆಯ ಹೆಸರಲ್ಲಿ ಎಲ್ಲರನ್ನೂ ಒಟ್ಟು ಮಾಡುವುದು ಈ ಊರಲ್ಲಿ ಕಷ್ಟ.

ಆ ಆರಂಭದ ವರ್ಷಗಳಲ್ಲಿ ಕಾರವಾರ ಅಂದರೆ ಬಿ.ಪಿ. ಕದಂ. ಬಾಳ್ಸು ಪುರ್ಸು ಕದಂ ಇಲ್ಲಿಂದ ಒಂದಕ್ಕಿಂತ ಹೆಚ್ಚು ಸಲ ವಿಧಾನಸಭೆಗೆ ಹೋದರು. ಆಮೇಲೆ 1977ರಲ್ಲಿ ಕಾಂಗ್ರೆಸ್‌ನಿಂದ ಲೋಕಸಭೆಗೂ ಹೋದರು. ತುರ್ತು ಪರಿಸ್ಥಿತಿಯ ನಂತರ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದ ವರ್ಷ ಅದು ಎನ್ನುವುದು ನೆನಪಿರಲಿ. 1980ರ ದಶಕ ಪ್ರಭಾಕರ ರಾಣೆಯವರದು. ರಾಜ್ಯದಲ್ಲಿ ಜನತಾ ಪಕ್ಷದ ಗಾಳಿ ಬೀಸುತ್ತಿದ್ದಾಗ, ಇದೇ ಜಿಲ್ಲೆಯ ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ, ಕಾರವಾರ ಕಾಂಗ್ರೆಸ್‌ನ ರಾಣೆಯವರನ್ನು ಮತ್ತೆ ಮತ್ತೆ ಕಳಿಸಿತು. ಅವರು ಸಚಿವರೂ ಆದರು. 1994ರಲ್ಲಿ ವಸಂತ ಅಸ್ನೋಟಿಕರ್ ಗೆದ್ದರು, 1999ರಲ್ಲಿ ಮತ್ತೆ ಗೆದ್ದರು.

ಈಗ ನೋಡಿ. ಕದಂ, ರಾಣೆ, ವಸಂತ ಅಸ್ನೋಟಿಕರ್, ಮೂವರೂ ಮರಳಿ ಗೆದ್ದವರು. ಅಂದರೆ ಸುಮಾರು ನಾಲ್ಕು ದಶಕ ಕಾರವಾರ ಹಾಲಿ ಶಾಸಕರನ್ನು ಸಲೀಸಾಗಿ ಮತ್ತೆ ಗೆಲ್ಲಿಸಿ ಕಳಿಸುತ್ತಿತ್ತು. "ಇಲ್ಲಿ ಯಾರೂ ಎರಡು ಸಲ ಗೆಲ್ಲೋದಿಲ್ಲ" ಎನ್ನುವ ಮಾತು ಹಳೆಯದಲ್ಲ. ಅದು ಹುಟ್ಟಿದ್ದು 2004ರ ನಂತರ.

2000ದ ಫೆಬ್ರುವರಿಯಲ್ಲಿ ವಸಂತ ಅಸ್ನೋಟಿಕರ್ ಅವರನ್ನು ಕಾರವಾರದಲ್ಲೇ ಗುಂಡಿಕ್ಕಿ ಕೊಂದರು. ಹಾಲಿ ಶಾಸಕರ ಹತ್ಯೆ. ಇದಕ್ಕೆ ನಾಲ್ಕು ವರ್ಷ ಮೊದಲು, 1996ರ ಏಪ್ರಿಲ್‌ನಲ್ಲಿ, ಭಟ್ಕಳದ ಬಿಜೆಪಿ ಶಾಸಕ ಡಾ. ಚಿತ್ತರಂಜನ್ ಅವರನ್ನು ಅವರ ಮನೆಯಲ್ಲೇ ಗುಂಡು ಹಾರಿಸಿ ಕೊಂದಿದ್ದರು. ನಾಲ್ಕು ವರ್ಷದ ಅಂತರದಲ್ಲಿ ಒಂದೇ ಜಿಲ್ಲೆಯ ಕರಾವಳಿಯಲ್ಲಿ ಇಬ್ಬರು ಶಾಸಕರ ಕೊಲೆ. ಕರ್ನಾಟಕದ ಬೇರೆ ಕಡೆ ಇಂಥದ್ದು ಹುಡುಕಿದರೂ ಸಿಗುವುದು ಕಷ್ಟ. ಕಾರವಾರದ ರಾಜಕೀಯ ಆಮೇಲೆ ಮೊದಲಿನಂತೆ ಉಳಿಯಲಿಲ್ಲ. ಉಪಚುನಾವಣೆಯಲ್ಲಿ ವಸಂತರ ಪತ್ನಿ ಶುಭಲತಾ ಅಸ್ನೋಟಿಕರ್ ಕಾಂಗ್ರೆಸ್‌ನಿಂದ ಗೆದ್ದರು. 2004ರಲ್ಲಿ ಬಿಜೆಪಿಯ ಗಂಗಾಧರ ಭಟ್ಟ ಗೆದ್ದು ಕ್ಷೇತ್ರ ಮೊದಲ ಸಲ ಆ ಪಕ್ಷದ ಕೈಗೆ ಬಂತು.

ಅಲ್ಲಿಂದ ನಿಮ್ಮ ಕಾಲ. ಐದು ಸಾರ್ವತ್ರಿಕ ಚುನಾವಣೆ: 2004 ಬಿಜೆಪಿ, 2008 ಕಾಂಗ್ರೆಸ್, 2013 ಪಕ್ಷೇತರ, 2018 ಬಿಜೆಪಿ, 2023 ಕಾಂಗ್ರೆಸ್. ಪ್ರತಿ ಸಲವೂ ಶಾಸಕರು ಬದಲು, ಪಕ್ಷವೂ ಬದಲು. ಊರಿನವರ ಮಾತು ಇಷ್ಟರ ಮಟ್ಟಿಗೆ ನಿಜ.

ಆದರೆ ಒಂದು ಉಪಚುನಾವಣೆಯನ್ನು ಎಲ್ಲರೂ ಮರೆಯುತ್ತಾರೆ. 2008ರ ಮೇನಲ್ಲಿ ವಸಂತರ ಮಗ ಆನಂದ ಅಸ್ನೋಟಿಕರ್ ಕಾಂಗ್ರೆಸ್‌ನಿಂದ ಗೆದ್ದರು. ಆ ಸಲ ಬಿಜೆಪಿಗೆ ರಾಜ್ಯದಲ್ಲಿ 110 ಸ್ಥಾನ ಬಂದಿತ್ತು, ಬಹುಮತಕ್ಕೆ 3 ಕಡಿಮೆ. ಆಗ ಶುರುವಾದದ್ದೇ ಆಪರೇಷನ್ ಕಮಲ, ಅಂದರೆ ಬೇರೆ ಪಕ್ಷದ ಶಾಸಕರನ್ನು ಬಿಜೆಪಿಗೆ ಸೆಳೆಯುವುದು. ಪಕ್ಷಾಂತರ ನಿಷೇಧ ಕಾಯ್ದೆ ಇರುವುದರಿಂದ ಸುಮ್ನೆ ಪಕ್ಷ ಬಿಟ್ಟರೆ ಶಾಸಕ ಸ್ಥಾನ ಹೋಗುತ್ತದೆ. ಅದಕ್ಕೆ ರಾಜೀನಾಮೆ ಕೊಡುವುದು, ಬೇರೆ ಚಿಹ್ನೆಯಲ್ಲಿ ಮತ್ತೆ ನಿಲ್ಲುವುದು. ಆನಂದ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು, ಸಚಿವರಾದರು. 2008ರ ಡಿಸೆಂಬರ್‌ನಲ್ಲಿ ರಾಜ್ಯದ 8 ಕಡೆ ಉಪಚುನಾವಣೆ ನಡೆದಾಗ ಕಾರವಾರದಲ್ಲಿ ಬಿಜೆಪಿಯಿಂದ ಮತ್ತೆ ಗೆದ್ದರು. ಮೇನಲ್ಲಿ ಕೈ, ಡಿಸೆಂಬರ್‌ನಲ್ಲಿ ಕಮಲ. ವ್ಯಕ್ತಿ ಅದೇ. ಇದನ್ನು ಹಾಲಿ ಶಾಸಕರ ಗೆಲುವು ಎಂದು ಲೆಕ್ಕ ಹಿಡಿದರೆ ಊರಿನ ಮಾತು ಅಲ್ಲೇ ಬಿದ್ದುಹೋಗುತ್ತದೆ. ಹಿಡಿಯದಿದ್ದರೂ ಒಂದು ವಿಷಯ ಗೊತ್ತಾಗುತ್ತದೆ. ಇಲ್ಲಿ ಮತ ಪಕ್ಷದ ಜೊತೆ ಜಾಸ್ತಿ ಇರುವುದಿಲ್ಲ, ಆಳಿನ ಜೊತೆ ನಡೆಯುತ್ತದೆ.

(ಆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2010ರ ಅಕ್ಟೋಬರ್‌ನಲ್ಲಿ ಯಡಿಯೂರಪ್ಪ ಸರಕಾರದ ವಿರುದ್ಧ ತಿರುಗಿಬಿದ್ದ ಶಾಸಕರಲ್ಲಿ ಆನಂದ ಕೂಡ ಇದ್ದರು. ಸ್ಪೀಕರ್ ಅವರನ್ನೆಲ್ಲ ಅನರ್ಹಗೊಳಿಸಿದರು. 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಒಂದೇ ಅವಧಿಯಲ್ಲಿ ಎರಡು ಸಲ ಆಯ್ಕೆ, ಮಂತ್ರಿಗಿರಿ, ಅನರ್ಹತೆ, ವಾಪಸಾತಿ. ಕಾರವಾರದವರು ಐದು ವರ್ಷದಲ್ಲಿ ಏನೇನು ನೋಡಿದರು ಮಾರಾಯ್ರೆ!)

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಇರುವುದು ಇಲ್ಲಿ.

2013ರಲ್ಲಿ ಸತೀಶ ಸೈಲ್ ಪಕ್ಷೇತರರಾಗಿ ನಿಂತರು. ಬಿಜೆಪಿಯಿಂದ ಆನಂದ ಅಸ್ನೋಟಿಕರ್. ಸೈಲ್ 80 ಸಾವಿರ ದಾಟಿದರು, ಗೆಲುವಿನ ಅಂತರ ಸುಮಾರು 35 ಸಾವಿರ. ಹಿಂದೆ ಯಾವ ದೊಡ್ಡ ಪಕ್ಷವೂ ಇಲ್ಲದ ಅಭ್ಯರ್ಥಿಗೆ ಇಷ್ಟು ಮತ! ಅದೇ ಸೈಲ್ 2018ರಲ್ಲಿ ಕಾಂಗ್ರೆಸ್ ಟಿಕೆಟ್ ಹಿಡಿದು ನಿಂತಾಗ ಬಂದದ್ದು 45,071. ಮೂರನೇ ಸ್ಥಾನ. ಪಕ್ಷದ ಚಿಹ್ನೆ ಸಿಕ್ಕಿದ ಮೇಲೆ ಮತ ಹೆಚ್ಚಬೇಕಿತ್ತು, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಆ ಸಲ ಗೆದ್ದವರು ಬಿಜೆಪಿಯ ರೂಪಾಲಿ ನಾಯ್ಕ, 60,339 ಮತ. ಎರಡನೆಯವರು ಆನಂದ ಅಸ್ನೋಟಿಕರ್, ಈ ಸಲ ಜೆಡಿಎಸ್‌ನಿಂದ, 46,275. ಇದರ ಮೇಲೆ ಸ್ವಲ್ಪ ನಿಲ್ಲಿ. ಕಾರವಾರದಲ್ಲಿ ಜೆಡಿಎಸ್‌ಗೆ ಸ್ವಂತ ನೆಲೆ ಎಂಬುದು ಹೆಸರಿಗಷ್ಟೇ. ಆ 46 ಸಾವಿರ ತೆನೆ ಹೊತ್ತ ಮಹಿಳೆಗೆ ಬಿದ್ದ ಮತ ಅಲ್ಲ, ಅಸ್ನೋಟಿಕರ್ ಮನೆಗೆ ಬಿದ್ದದ್ದು. 2013ರಲ್ಲಿ ಬಿಜೆಪಿಯಿಂದ ಅವರಿಗೆ ಬಂದ ಮತವೂ ಹೆಚ್ಚುಕಡಿಮೆ ಇಷ್ಟೇ. ಮೂರು ಚಿಹ್ನೆ ಬದಲಾದರೂ ಆ ಕುಟುಂಬದ ಹಿಂದೆ ಒಂದು ಗಟ್ಟಿ ಗುಂಪು ನಿಂತೇ ಇತ್ತು. ಸೈಲ್ ಹಿಂದೆ ಇನ್ನೊಂದು. ಇವೆರಡೂ ಬೇರೆ ಬೇರೆ ನಿಂತಾಗ ಬಿಜೆಪಿಯ ಗುಂಪು 60 ಸಾವಿರಕ್ಕೇ 14,064ರ ಅಂತರದಿಂದ ಗೆದ್ದಿತು. ಸೋತ ಇಬ್ಬರದು ಕೂಡಿಸಿದರೆ 91,346.

2018ರಲ್ಲಿ ಗಾಳಿಯೂ ಇತ್ತು, ಇಲ್ಲವೆಂದಲ್ಲ. 2017ರ ಕೊನೆಯಲ್ಲಿ ಹೊನ್ನಾವರದಲ್ಲಿ ಒಬ್ಬ ಯುವಕನ ಸಾವಿನ ನಂತರ ಕರಾವಳಿಯಲ್ಲಿ ಗಲಭೆ ಹಬ್ಬಿತು. ಅದರ ಬಿಸಿ ಆರುವ ಮೊದಲೇ ಚುನಾವಣೆ ಬಂತು. ಕಾರವಾರ, ಕುಮಟಾ, ಭಟ್ಕಳ ಮೂರೂ ಬಿಜೆಪಿಗೆ ಹೋದವು. ಆದರೆ ಗಾಳಿಯೊಂದೇ ಕಾರಣವಾಗಿದ್ದರೆ 2023ರ ಲೆಕ್ಕ ಹೀಗೆ ಬರುತ್ತಿರಲಿಲ್ಲ.

2023ರಲ್ಲಿ ಆನಂದ ಅಸ್ನೋಟಿಕರ್ ಕಣದಲ್ಲಿ ಇರಲಿಲ್ಲ. ಬಹುಮಟ್ಟಿಗೆ ನೇರ ಹಣಾಹಣಿ. ರೂಪಾಲಿ ನಾಯ್ಕರಿಗೆ 75,307 ಮತ ಬಂತು. ಹಿಂದಿನ ಸಲಕ್ಕಿಂತ 14,968 ಜಾಸ್ತಿ. ಜನ ಅವರನ್ನು ತಿರಸ್ಕರಿಸಿದರು ಎಂದು ಹೇಗೆ ಹೇಳುತ್ತೀರಿ? ಗೆದ್ದಾಗ ಬಂದದ್ದಕ್ಕಿಂತ ಸೋತಾಗ ಹೆಚ್ಚು ಮತ ಬಂದಿದೆ! ಆದರೆ ಸೈಲ್ ಮತ 45,071ರಿಂದ 77,445ಕ್ಕೆ ಏರಿತು, 32,374 ಜಾಸ್ತಿ. ಅಂತರ ಕೇವಲ 2,138. ಕಳೆದ ಸಲ ಅಸ್ನೋಟಿಕರ್ ಕಡೆ ಇದ್ದ ಮತಗಳು ಎರಡೂ ಕಡೆ ಹಂಚಿಹೋದವು, ಸೈಲ್ ಕಡೆ ಜಾಸ್ತಿ ಹೋದವು. ನಾನು ಈ ಅಂಕಿಗಳನ್ನು ಓದುವುದು ಹೀಗೆ.

ಹಾಗಾಗಿ "ಹಾಲಿ ಶಾಸಕರು ಗೆಲ್ಲುವುದಿಲ್ಲ" ಎನ್ನುವುದು ಶಾಪವೂ ಅಲ್ಲ, ಕಾರವಾರದವರ ಚಂಚಲ ಬುದ್ಧಿಯೂ ಅಲ್ಲ. ಇಲ್ಲಿ ಮೂರು ಗಟ್ಟಿ ಬಣಗಳಿದ್ದವು, ಯಾವುದಕ್ಕೂ ಒಂದೇ ಕೈಯಲ್ಲಿ ಗೆಲ್ಲುವಷ್ಟು ಬಲ ಇರಲಿಲ್ಲ. ಪ್ರತಿ ಚುನಾವಣೆಯಲ್ಲಿ ಯಾರು ಯಾವ ಟಿಕೆಟ್‌ನಲ್ಲಿ ನಿಂತರು, ಯಾರು ನಿಲ್ಲಲಿಲ್ಲ ಎನ್ನುವುದರ ಮೇಲೆ ಫಲಿತಾಂಶ ತಿರುಗಿತು. ಸಮುದಾಯಗಳ ಲೆಕ್ಕವೂ ಹೀಗೇ. ಕೊಮಾರಪಂತರು, ಹಾಲಕ್ಕಿಗಳು, ನಾಮಧಾರಿಗಳು, ನಾಡವರು, ಮರಾಠರು, ಹರಿಕಂತ್ರ, ಖಾರ್ವಿ, ಗಾಬಿತರು, ಭಂಡಾರಿಗಳು, ಪಡ್ತಿಗಳು, ಗೌಡ ಸಾರಸ್ವತರು, ಕ್ರೈಸ್ತರು, ಮುಸ್ಲಿಮರು. ಇದರಲ್ಲಿ ಯಾವ ಒಂದು ಸಮುದಾಯವೂ ಒಂಟಿಯಾಗಿ ಶಾಸಕರನ್ನು ಆರಿಸುವಷ್ಟು ದೊಡ್ಡದಲ್ಲ. 2008ರಲ್ಲಿ ಅಂಕೋಲಾ ಪೂರ್ತಿ ಬಂದು ಸೇರಿದ ಮೇಲೆ ಹಾಲಕ್ಕಿ, ನಾಡವ, ನಾಮಧಾರಿ ಮತಗಳ ತೂಕ ಹೆಚ್ಚಿತು. ಕಾರವಾರದ ಹಳೆಯ ಮನೆತನಗಳ ಹಿಡಿತ ಅಷ್ಟರ ಮಟ್ಟಿಗೆ ಸಡಿಲವಾಯಿತು. ಅಪ್ಪನ ಕ್ಷೇತ್ರ ಮಾಯವಾದದ್ದಕ್ಕೂ ನಿಮ್ಮ ಕ್ಷೇತ್ರ ಇಷ್ಟು ಅಲುಗಾಡುವುದಕ್ಕೂ ನಂಟಿದೆ ಎಂದು ನಾನು ನಂಬುವುದು ಇದೇ ಕಾರಣಕ್ಕೆ.

ಕಾರವಾರ ಒಂದೇ ಹೀಗೆ ಎಂದುಕೊಳ್ಳಬೇಡಿ. ಜಿಲ್ಲೆಯ ಕರಾವಳಿಯ ಇನ್ನೊಂದು ತುದಿ ಭಟ್ಕಳ ನೋಡಿ. 2004ರಲ್ಲಿ ಬಿಜೆಪಿಯ ಶಿವಾನಂದ ನಾಯ್ಕ, 2008ರಲ್ಲಿ ಕಾಂಗ್ರೆಸ್‌ನ ಜೆ.ಡಿ. ನಾಯ್ಕ, 2013ರಲ್ಲಿ ಪಕ್ಷೇತರ ಮಂಕಾಳ ವೈದ್ಯ, 2018ರಲ್ಲಿ ಬಿಜೆಪಿಯ ಸುನೀಲ್ ನಾಯ್ಕ, 2023ರಲ್ಲಿ ಕಾಂಗ್ರೆಸ್‌ನಿಂದ ಮತ್ತೆ ಮಂಕಾಳ ವೈದ್ಯ. ಕಾರವಾರದ ಪಟ್ಟಿ ಪಕ್ಕದಲ್ಲಿಟ್ಟರೆ ಐದಕ್ಕೆ ಐದೂ ಒಂದೇ! ಸೈಲ್ ಮತ್ತು ವೈದ್ಯ ಇಬ್ಬರ ದಾರಿಯೂ ಒಂದೇ. ಪಕ್ಷೇತರರಾಗಿ ಗೆಲುವು, ಕಾಂಗ್ರೆಸ್ ಸೇರಿ ಸೋಲು, ಅದೇ ಟಿಕೆಟ್‌ನಲ್ಲಿ ವಾಪಸ್. ವೈದ್ಯರು ಆಮೇಲೆ ಮೀನುಗಾರಿಕೆ ಮತ್ತು ಬಂದರು ಸಚಿವರಾದರು. ನಡುವಿನ ಕುಮಟಾದಲ್ಲಿ ಮಾತ್ರ 2018ರಲ್ಲಿ ಗೆದ್ದ ಬಿಜೆಪಿಯ ದಿನಕರ ಶೆಟ್ಟಿ 2023ರಲ್ಲೂ ಉಳಿದುಕೊಂಡರು. ಅದೂ ಜೆಡಿಎಸ್‌ನ ಸೂರಜ್ ನಾಯ್ಕ ಸೋನಿ ಎದುರು ಬರೀ 676 ಮತದಿಂದ. ಉಳಿದುಕೊಂಡರು ಎನ್ನುವುದಕ್ಕಿಂತ ಬಚಾವಾದರು ಎನ್ನುವುದೇ ಸರಿ.

ಘಟ್ಟದ ಮೇಲೆ ಚಿತ್ರ ಬೇರೆ. ಅಲ್ಲಿ ಒಬ್ಬರೇ ದಶಕಗಟ್ಟಲೆ ನಿಲ್ಲುತ್ತಾರೆ. ಕಾಗೇರಿಯವರ ಮಾತು ಆಯಿತಲ್ಲ. ಹಳಿಯಾಳದಲ್ಲಿ ಆರ್.ವಿ. ದೇಶಪಾಂಡೆ 1983ರಿಂದ 2004ರವರೆಗೆ ಸತತ ಆರು ಸಲ, ಮೊದಲು ಜನತಾ ಪರಿವಾರದಿಂದ, ಆಮೇಲೆ ಕಾಂಗ್ರೆಸ್‌ನಿಂದ. 2008ರಲ್ಲಿ ಜೆಡಿಎಸ್‌ನ ಸುನೀಲ ಹೆಗಡೆ ಎದುರು ಸೋತರು, 2013ರಿಂದ ಮತ್ತೆ ಮೂರು ಸಲ. ಯಲ್ಲಾಪುರದಲ್ಲಿ ಶಿವರಾಮ ಹೆಬ್ಬಾರ 2013, 2018ರಲ್ಲಿ ಕಾಂಗ್ರೆಸ್‌ನಿಂದ, 2019ರ ಉಪಚುನಾವಣೆ ಮತ್ತು 2023ರಲ್ಲಿ ಬಿಜೆಪಿಯಿಂದ. 2008ರಲ್ಲಿ ಕಾರವಾರದಲ್ಲಿ ನಡೆದದ್ದೇ 2019ರಲ್ಲಿ ಯಲ್ಲಾಪುರದಲ್ಲಿ ನಡೆಯಿತು. ಎರಡೂ ಆಪರೇಷನ್‌ಗಳಲ್ಲಿ ನಮ್ಮ ಜಿಲ್ಲೆಯಿಂದ ತಲಾ ಒಬ್ಬರು. ಎರಡೂ ಕಡೆ ಮತದಾರರು ಚಿಹ್ನೆ ಬದಲಾದದ್ದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಹಾಗಂತ ಘಟ್ಟದ ಮೇಲೂ ಎಲ್ಲ ಶಾಶ್ವತ ಅಲ್ಲ. 2023ರಲ್ಲಿ ವಿಧಾನಸಭೆಯ ಸ್ಪೀಕರ್ ಆಗಿದ್ದ ಕಾಗೇರಿಯವರನ್ನೇ ಕಾಂಗ್ರೆಸ್‌ನ ಭೀಮಣ್ಣ ನಾಯ್ಕ 8,712 ಮತದಿಂದ ಸೋಲಿಸಿದರು.

"ಆಳು ನೋಡಿ ಮತ" ಎಂದೆನಲ್ಲ, ಲೋಕಸಭೆಗೆ ಬಂದರೆ ಅದು ಅಷ್ಟು ಸರಳವಲ್ಲ. 1996ರಿಂದ ಇಲ್ಲಿಯವರೆಗೆ ಈ ಲೋಕಸಭಾ ಕ್ಷೇತ್ರವನ್ನು ಬಿಜೆಪಿ ಕಳೆದುಕೊಂಡದ್ದು ಒಂದೇ ಸಲ, 1999ರಲ್ಲಿ, ಮಾರ್ಗರೆಟ್ ಆಳ್ವ ಎದುರು. 1952ರಿಂದ ಮೂರು ಸಲ ಇಲ್ಲಿಂದ ಗೆದ್ದ ಜೋಕಿಂ ಆಳ್ವ ಅವರ ಸೊಸೆ ಅವರು. ಉಳಿದದ್ದೆಲ್ಲ ಅನಂತಕುಮಾರ ಹೆಗಡೆ, 2024ರಲ್ಲಿ ಕಾಗೇರಿ. 2023ರಲ್ಲಿ ಜಿಲ್ಲೆಯ ಆರರಲ್ಲಿ ನಾಲ್ಕು ಸ್ಥಾನ ಕಾಂಗ್ರೆಸ್‌ಗೆ ಕೊಟ್ಟ ಜನ, ಒಂದೇ ವರ್ಷದಲ್ಲಿ, ಶಿರಸಿಯಲ್ಲಿ ಸೋತ ಅದೇ ಕಾಗೇರಿಯವರನ್ನು 3 ಲಕ್ಷಕ್ಕೂ ಹೆಚ್ಚು ಅಂತರದಿಂದ ದೆಹಲಿಗೆ ಕಳಿಸಿದರು. ಖಾನಾಪುರ, ಕಿತ್ತೂರು ಕೂಡ ಈ ಲೋಕಸಭಾ ಕ್ಷೇತ್ರದಲ್ಲಿವೆ, ನಿಜ. ಆದರೂ ಇಷ್ಟು ಅಂತರ ಆ ಎರಡರಿಂದ ಮಾತ್ರ ಬರುವುದಿಲ್ಲ. ನಿಮ್ಮ ಅಪ್ಪ 2004ರ ನಂತರ, ಸರಿಯಾಗಿ 20 ವರ್ಷಕ್ಕೆ, ಮತಯಂತ್ರದಲ್ಲಿ ಕಾಗೇರಿಯವರ ಹೆಸರನ್ನು ಮತ್ತೆ ನೋಡಿರಬೇಕು.

2019ರಲ್ಲಿ ಆನಂದ ಅಸ್ನೋಟಿಕರ್ ಕಾಂಗ್ರೆಸ್-ಜೆಡಿಎಸ್ ಮೈತ್ರಿಯಿಂದ ಲೋಕಸಭೆಗೆ ನಿಂತು 4.79 ಲಕ್ಷದಿಂದ ಸೋತದ್ದೂ ಇದನ್ನೇ ಹೇಳುತ್ತದೆ. ಕಾರವಾರದಲ್ಲಿ ನಡೆಯುವ ಹೆಸರು ಮುಂಡಗೋಡದಲ್ಲಿ, ಖಾನಾಪುರದಲ್ಲಿ ನಡೆಯುವುದಿಲ್ಲ. ಅಷ್ಟು ದೊಡ್ಡ ಕ್ಷೇತ್ರದಲ್ಲಿ ಚಿಹ್ನೆಯೇ ಕೆಲಸ ಮಾಡುತ್ತದೆ. ಹಿಂದೆ ಒಮ್ಮೆ ಮಾತ್ರ ಇದು ಸುಳ್ಳಾಗಿತ್ತು. 1967ರಲ್ಲಿ ನಿಮ್ಮ ಅಂಕೋಲೆಯ ದಿನಕರ ದೇಸಾಯಿ ಪಕ್ಷೇತರರಾಗಿ ಲೋಕಸಭೆ ಗೆದ್ದರು. ರೈತರ ಹೋರಾಟ, ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳು, ಮೇಲಿಂದ ಚುಟುಕು. ಊರೂರಿನಲ್ಲಿ ಶಾಲೆ ಕಟ್ಟಿಸಿದವರಿಗೆ ಚಿಹ್ನೆಯ ಹಂಗು ಅಷ್ಟಿರಲಿಲ್ಲ.

ಅಭಿವೃದ್ಧಿ, ಹಗರಣ ಇವೆಲ್ಲ ಮತಕ್ಕೆ ಬರುವುದಿಲ್ಲವೇ? ಬರುತ್ತವೆ, ಆದರೆ ನಾವು ಎಣಿಸಿದ ದಾರಿಯಲ್ಲಿ ಅಲ್ಲ. ಕೈಗಾ ಅಣು ಸ್ಥಾವರ, ಕದ್ರಾ ಅಣೆಕಟ್ಟು, ಸೀಬರ್ಡ್ ನೌಕಾನೆಲೆ, ಮೂರೂ ಈ ಕ್ಷೇತ್ರದ ನೆಲ ತೆಗೆದುಕೊಂಡವು. ಸೀಬರ್ಡ್‌ಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಅಲ್ಲಿಂದ ನಿರಾಶ್ರಿತರ ಪರಿಹಾರ ಪ್ರತಿ ಚುನಾವಣೆಯ ಭಾಷಣದಲ್ಲಿ ಇದೆ. ಎಲ್ಲಾ ಪಕ್ಷದವರೂ ಒಂದೇ ಮಾತು ಹೇಳುವುದರಿಂದ ಅದು ಯಾರನ್ನೂ ಸೋಲಿಸುವುದಿಲ್ಲ. ಒಳ್ಳೆಯ ಆಸ್ಪತ್ರೆ, ಅಂಕೋಲಾ-ಹುಬ್ಬಳ್ಳಿ ರೈಲು ಕೂಡ ಇದೇ ಸಾಲಿಗೆ ಸೇರುತ್ತವೆ. ಮಂಗಳೂರಿಗೋ ಗೋವಾಕ್ಕೋ ಆಂಬುಲೆನ್ಸ್‌ನಲ್ಲಿ ಓಡುವ ಊರಿನಲ್ಲಿ ಆಸ್ಪತ್ರೆಯ ಮೇಲೆ ಒಂದು ಚುನಾವಣೆಯೂ ನಿರ್ಧಾರವಾಗಲಿಲ್ಲ ಎನ್ನುವುದು ನನಗೆ ಬೇಸರದ ವಿಷಯ.

ಬೇಲೆಕೇರಿ ವಿಷಯ ಇನ್ನೂ ವಿಚಿತ್ರ. ಅಂಕೋಲಾ ತಾಲ್ಲೂಕಿನ ಆ ಬಂದರಿನಿಂದ ಜಪ್ತಿ ಮಾಡಿದ್ದ ಕಬ್ಬಿಣದ ಅದಿರು ಕಾಣೆಯಾದದ್ದು 2010ರಲ್ಲಿ ರಾಜ್ಯವನ್ನೇ ಅಲ್ಲಾಡಿಸಿತು. ಲೋಕಾಯುಕ್ತ ಸಂತೋಷ್ ಹೆಗ್ಡೆ ರಾಜೀನಾಮೆ ಕೊಡುವವರೆಗೆ ಹೋಯಿತು, ಆಮೇಲೆ ವಾಪಸ್ ಪಡೆದರು. ಅದರ ನಂತರ ನಡೆದ 2013ರ ಚುನಾವಣೆಯಲ್ಲೇ ಸೈಲ್ ಅಷ್ಟು ದೊಡ್ಡ ಅಂತರದಿಂದ ಗೆದ್ದದ್ದು. ಕೆಲವೇ ತಿಂಗಳಲ್ಲಿ ಅದೇ ಪ್ರಕರಣದಲ್ಲಿ ಸಿಬಿಐ ಅವರನ್ನು ಬಂಧಿಸಿತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 7 ವರ್ಷ ಶಿಕ್ಷೆ ಕೊಟ್ಟಿತು, ನವೆಂಬರ್‌ನಲ್ಲಿ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅಂದರೆ ಬಂದರು ಇರುವ ಕ್ಷೇತ್ರದಲ್ಲೇ ಹಗರಣ ಒಂದು ಸಲ ಮತವನ್ನು ತಡೆಯಲಿಲ್ಲ. 2018ರ ಸೋಲಿಗೆ ಅದು ಕಾರಣವೇ? ಮೂರು ಬಣ ಬೇರೆ ಬೇರೆ ನಿಂತದ್ದೇ ದೊಡ್ಡ ಕಾರಣ ಎಂದು ನನಗೆ ಕಾಣುತ್ತದೆ.

ಹಾಗಾದರೆ 2028? ಭವಿಷ್ಯ ಹೇಳುವ ಕೆಲಸ ನನ್ನದಲ್ಲ. ಆದರೆ ನೋಡಬೇಕಾದದ್ದು ಯಾರ ಅಲೆ ಎಂಬುದಲ್ಲ, ಕಣದಲ್ಲಿ ಎಷ್ಟು ಬಣ ಎಂಬುದು. ನೇರ ಸ್ಪರ್ಧೆಯಾದರೆ 2023ರಂತೆ ಕೂದಲೆಳೆ, ಮೂರು ಬಣ ಬಂದರೆ 2018ರಂತೆ. ನಕ್ಷೆ ಕೂಡ ಇದೇ ಇರುತ್ತದೆ ಎಂದು ಖಾತ್ರಿ ಇಲ್ಲ. ಒಟ್ಟು ಸ್ಥಾನಗಳ ಸಂಖ್ಯೆಯ ಮೇಲೆ ಸಂವಿಧಾನ ಹಾಕಿರುವ ತಡೆ 2026ರ ನಂತರದ ಮೊದಲ ಜನಗಣತಿಯವರೆಗೆ ಮಾತ್ರ. ಆಮೇಲಿನ ಮರುವಿಂಗಡಣೆಯಲ್ಲಿ ಅಂಕೋಲೆಯ ಹೆಸರು ಮರಳಬಹುದು, ಅಥವಾ ಕಾರವಾರವೇ ಇನ್ನೊಂದರ ಜೊತೆ ಸೇರಿಹೋಗಬಹುದು.

ಕೊನೆಗೆ ಒಂದು ಉಪಯೋಗದ ಮಾತು. ಇಡೀ ಕ್ಷೇತ್ರದ ಅಂಕಿ ನೋಡಿದರೆ ಅಂಕೋಲೆ ಮತ್ತು ಕಾರವಾರ ಬೇರೆ ಬೇರೆ ಹೇಗೆ ಮತ ಹಾಕಿದವು ಎಂದು ತಿಳಿಯುವುದಿಲ್ಲ. ಅದಕ್ಕೆ ಫಾರ್ಮ್ 20 ಎಂಬ ದಾಖಲೆ ಇದೆ. ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಎಂಬುದು ಅದರಲ್ಲಿರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತದೆ. ನಿಮ್ಮ ಬೂತಿನ ಸಂಖ್ಯೆ ಹಿಡಿದು 2018 ಮತ್ತು 2023ರ ಹಾಳೆಗಳನ್ನು ಪಕ್ಕಪಕ್ಕ ಇಡಿ. ಬೂತಿನ ಸಂಖ್ಯೆ ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಬದಲಾಗುವುದುಂಟು, ಅದಕ್ಕೆ ಶಾಲೆಯ ಹೆಸರನ್ನೂ ಹೊಂದಿಸಿ ನೋಡಿ. 2018ರಲ್ಲಿ ಅಸ್ನೋಟಿಕರ್‌ಗೆ ನಿಮ್ಮ ಬೂತಿನಲ್ಲಿ ಬಿದ್ದ ಮತ 2023ರಲ್ಲಿ ಯಾವ ಕಡೆ ಹೋಗಿರಬಹುದು ಎಂದು ಅಲ್ಲಿ ಒಂದು ಅಂದಾಜು ಸಿಗುತ್ತದೆ. ಅಪ್ಪನನ್ನೂ ಜೊತೆಗೆ ಕೂರಿಸಿಕೊಳ್ಳಿ. ಯಾವ ಬೂತಿನಲ್ಲಿ ಯಾವ ಕೇರಿಯವರ ವೋಟಿದೆ ಎಂಬುದು ಫಾರ್ಮ್ 20ರಲ್ಲಿ ಬರೆದಿರುವುದಿಲ್ಲ, ಅವರಿಗೆ ಗೊತ್ತಿರುತ್ತದೆ.